ಲೈಸೆನ್ಸ್ ಅಮಾನತಿನಲ್ಲಿ, ಗಾಡಿ ಮಾತ್ರ ರಸ್ತೆಯಲ್ಲಿ!

‘ದಂಡ ಕಟ್ಟಾಯ್ತಲ್ಲ ಸಾಮಿ, ಇನ್ನೇನಿದೆ?’ - ಸಂಜಯ ವೃತ್ತದ ಟೀ ಅಂಗಡಿಯಿಂದ ಹಿಡಿದು ಮದ್ದೂರಿನ ಸಂತೆ ಮೈದಾನದವರೆಗೆ ಜನರ ಬಾಯಲ್ಲಿರುವ ಮಾತು ಇದೇ. ಪೊಲೀಸಿನವರು ಹಿಡಿದರು, ರಸೀತಿ ಹರಿದರು, ದುಡ್ಡು ಹೋಯಿತು, ಕಥೆ ಮುಗಿಯಿತು ಅನ್ನುವುದು ಜಿಲ್ಲೆಯ ಮುಕ್ಕಾಲುಪಾಲು ವಾಹನ ಸವಾರರ ನಂಬಿಕೆ. ಆದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕೆಲವು ತಪ್ಪುಗಳಲ್ಲಿ ಕಥೆ ಶುರುವಾಗುವುದೇ ದಂಡ ಕಟ್ಟಿದ ಮೇಲೆ. ದಂಡ ಬೇರೆ, ಲೈಸೆನ್ಸ್ ಅಮಾನತು ಬೇರೆ. ಒಂದನ್ನು ತೀರಿಸಿದರೆ ಇನ್ನೊಂದು ತೀರುವುದಿಲ್ಲ. ಈ ಎರಡರ ನಡುವಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡು, ತಾವು ಅಮಾನತಿನಲ್ಲಿದ್ದೇವೆ ಎಂಬುದೇ ಗೊತ್ತಿಲ್ಲದೆ, ಇಲ್ಲವೇ ಗೊತ್ತಿದ್ದೂ ‘ನೋಡ್ಕೊಳ್ಳೋಣ ಬಿಡು’ ಎಂದು ಗಾಡಿ ಓಡಿಸುವವರ ಮೇಲೆ ಯಾವ ಹೊತ್ತಿಗೆ ಏನು ಬಂದು ಬೀಳುತ್ತದೆ ಅನ್ನುವುದನ್ನು ಅಂಗಡಿ ಮುಂಗಟ್ಟಿನವರೂ ಬಸ್ಸಿನಲ್ಲಿ ಓಡಾಡುವವರೂ ತಿಳಿದುಕೊಳ್ಳುವುದು ಒಳ್ಳೆಯದು. ಯಾಕೆಂದರೆ ಕೊನೆಗೆ ಪೆಟ್ಟು ಬೀಳುವುದು ಸ್ಟೀರಿಂಗ್ ಹಿಡಿದವನಿಗೆ ಮಾತ್ರವಲ್ಲ.

ಮೊದಲು ಕಾಲ ಬದಲಾಗಿರುವ ಸಂಗತಿ. 1939ರ ಹಳೆಯ ಕಾಯ್ದೆ ಹೋಗಿ 1988ರ ಕಾಯ್ದೆ ಬಂತು. ಜಾರಿಯಾದದ್ದು 1989ರ ಜುಲೈ 1ರಂದು. ಆಮೇಲೆ ಮೂವತ್ತು ವರ್ಷ ಈ ಕಾಯ್ದೆಯ ದಂಡದ ಮೊತ್ತಗಳನ್ನು ನೋಡಿ ನಗುವುದೇ ಎಲ್ಲರ ಕೆಲಸವಾಗಿತ್ತು. ಅನರ್ಹನಾದವನು ಗಾಡಿ ಓಡಿಸಿದರೆ 500 ರೂಪಾಯಿ. ಅಷ್ಟು ದುಡ್ಡಿಗೆ ಹೆದರಿ ಟೆಂಪೋ ನಿಲ್ಲಿಸುವವರು ಯಾರು? 2019ರ ತಿದ್ದುಪಡಿ, ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಾಗ, ಆ 500 ಏಕ್‌ದಂ 10,000 ಆಯಿತು. ಹೆಲ್ಮೆಟ್ಟಿನ ದಂಡ, ಲೈಸೆನ್ಸ್ ಇಲ್ಲದ ದಂಡ ಎಲ್ಲವೂ ಏರಿದವು. ಜನ ಬೊಬ್ಬೆ ಹೊಡೆದರು. ರಾಜ್ಯ ಸರ್ಕಾರ ಅದೇ ತಿಂಗಳು ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದಿದ್ದರೆ ಸಾವಿರದ ಬದಲು 500 ಎಂದಾಯಿತು. ‘ಅಬ್ಬಾ, ಬಚಾವ್’ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಒಂದು ವಿಷಯ ಯಾರ ಗಮನಕ್ಕೂ ಸರಿಯಾಗಿ ಬರಲಿಲ್ಲ. ರಾಜ್ಯ ಇಳಿಸಿದ್ದು ಸ್ಥಳದಲ್ಲೇ ಕಟ್ಟುವ ದುಡ್ಡನ್ನು. ಅದರ ಪಕ್ಕದಲ್ಲೇ ಕಾಯ್ದೆಯಲ್ಲಿ ಬರೆದಿರುವ ‘ಮೂರು ತಿಂಗಳು ಅನರ್ಹತೆ’ ಎಂಬ ಮಾತು ಇದ್ದಲ್ಲೇ ಇದೆ. 194ಡಿ ಕಲಂ ಓದಿ ನೋಡಿ: ಹೆಲ್ಮೆಟ್ ಇಲ್ಲದೆ ಓಡಿಸಿದರೆ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಹೊಂದಲು ಅನರ್ಹ. ಸ್ಕೂಟರಿನ ಮೇಲೆ ಮೂವರು ಕೂತರೂ, ಅಂದರೆ 194ಸಿ ಕಲಂ, ಅದೇ ಮೂರು ತಿಂಗಳು. ಪೇಟೆ ಬೀದಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಬರಿತಲೆಯಲ್ಲಿ ಓಡಾಡುವ ಸ್ಕೂಟರುಗಳಿಗೆಲ್ಲ ಈ ಕಲಂ ಅಕ್ಷರಶಃ ಅನ್ವಯಿಸಿದರೆ ವಾರದೊಳಗೆ ಅರ್ಧ ಪಟ್ಟಣ ನಡೆದುಕೊಂಡೇ ಅಂಗಡಿಗೆ ಬರಬೇಕಾದೀತು! ಅನ್ವಯಿಸುವುದಿಲ್ಲ, ಅದು ಬೇರೆ ಮಾತು. ಕಾಗದದಲ್ಲಿ ಇರುವುದಂತೂ ನಿಜ. ಯಾವತ್ತು ಯಾರ ಮೇಲೆ ಅದನ್ನು ಎತ್ತಬೇಕು ಎನ್ನುವುದು ಎತ್ತುವವನ ಕೈಯಲ್ಲಿರುವುದೂ ನಿಜ.

ಅಮಾನತು ಹೇಗೆ ಆಗುತ್ತೆ?

ದಾರಿಗಳು ಒಂದೆರಡಲ್ಲ. ಮೊದಲನೆಯದು ಆರ್.ಟಿ.ಓ. ಕಚೇರಿಯ ದಾರಿ, 19ನೇ ಕಲಂ. ಕುಡುಕನೆಂದು ಹೆಸರಾದವನು, ಮಾದಕ ವಸ್ತುವಿಗೆ ದಾಸನಾದವನು, ಗಾಡಿಯನ್ನು ಅಪರಾಧಕ್ಕೆ ಬಳಸಿದವನು, ಸುಳ್ಳು ಹೇಳಿ ಲೈಸೆನ್ಸ್ ಪಡೆದವನು, ಜನರ ಪ್ರಾಣಕ್ಕೆ ಅಪಾಯ ಎನ್ನುವಂತೆ ಓಡಿಸುವವನು - ಇಂಥವರನ್ನು ಲೈಸೆನ್ಸಿಂಗ್ ಅಧಿಕಾರಿ ಅನರ್ಹಗೊಳಿಸಬಹುದು. ಎರಡನೆಯದು ಕೋರ್ಟಿನ ದಾರಿ, 20ನೇ ಕಲಂ. ಕುಡಿದು ಓಡಿಸಿದ ಕೇಸಿನಲ್ಲಿ ಶಿಕ್ಷೆಯಾದರೆ ಕನಿಷ್ಠ ಆರು ತಿಂಗಳು ಅನರ್ಹತೆ ಹಾಕಲೇಬೇಕು ಎಂದು ಅಲ್ಲಿ ಬರೆದಿದೆ. ಮ್ಯಾಜಿಸ್ಟ್ರೇಟರ ಮರ್ಜಿಗೂ ಬಿಟ್ಟಿಲ್ಲ. ಮೂರನೆಯದು ತನ್ನಿಂತಾನೇ ಆಗುವ ಅಮಾನತು. ಹಿಂದೊಮ್ಮೆ ಅಪಾಯಕಾರಿ ಚಾಲನೆಗೆ ಶಿಕ್ಷೆಯಾದವನು ಮತ್ತೆ ಅದೇ ರೀತಿ ಓಡಿಸಿ ಯಾರನ್ನಾದರೂ ಕೊಂದರೆ ಅಥವಾ ತೀವ್ರ ಗಾಯ ಮಾಡಿದರೆ, ಪೊಲೀಸರು ಕೇಸು ದಾಖಲಿಸಿದ ದಿನದಿಂದ ಆರು ತಿಂಗಳು ಲೈಸೆನ್ಸ್ ಅಮಾನತು. ಅದಕ್ಕೂ ಮುಂಚೆ ಬಿಡುಗಡೆಯಾದರೆ ಮಾತ್ರ ವಾಪಸ್.

ಇವುಗಳಲ್ಲಿ ಜಿಲ್ಲೆಯ ಜನರಿಗೆ ಹೆಚ್ಚು ತಗಲುವುದು ಮೊದಲನೆಯ ದಾರಿಯೇ. ಅದಕ್ಕೆ ಬಲ ಬಂದದ್ದು ಸುಪ್ರೀಂ ಕೋರ್ಟು 2014ರಲ್ಲಿ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿಯಿಂದ. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ಈ ಸಮಿತಿ 2015ರ ಆಗಸ್ಟಿನಲ್ಲಿ ಎಲ್ಲ ರಾಜ್ಯಗಳಿಗೂ ತಿಳಿಸಿತು: ಅತಿ ವೇಗ, ಕೆಂಪು ದೀಪ ದಾಟುವುದು, ಸರಕು ಗಾಡಿಯಲ್ಲಿ ಮಿತಿ ಮೀರಿದ ಹೇರು, ಸರಕು ಗಾಡಿಯಲ್ಲಿ ಜನರನ್ನು ತುಂಬುವುದು, ಕುಡಿದು ಓಡಿಸುವುದು, ಓಡಿಸುವಾಗ ಮೊಬೈಲ್ - ಇವಕ್ಕೆಲ್ಲ ದಂಡ ಸಾಲದು, ಮೂರು ತಿಂಗಳಿಗೆ ಕಡಿಮೆ ಇಲ್ಲದಂತೆ ಲೈಸೆನ್ಸ್ ಅಮಾನತು ಮಾಡಿ. ಗೂಡ್ಸ್ ಆಟೋದಲ್ಲಿ ಕೂಲಿಯಾಳುಗಳನ್ನು ತುಂಬಿಕೊಂಡು ಕಬ್ಬಿನ ಗದ್ದೆಗೆ ಹೋಗುವುದು ಈ ಸೀಮೆಯಲ್ಲಿ ಎಷ್ಟು ಮಾಮೂಲು ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆ ಚಾಲಕನಿಗೆ ತಾನು ಕೂಡಾ ಕುಡುಕ ಚಾಲಕನ ಸಾಲಿನಲ್ಲೇ ನಿಂತಿದ್ದೇನೆ ಎಂದು ಯಾರೂ ಹೇಳಿಲ್ಲ.

ಹೆದ್ದಾರಿ ಬಂದ ಮೇಲೆ ವೇಗದ ವಿಷಯ ಇನ್ನೂ ಬಿಗಿಯಾಯಿತು. ಬೆಂಗಳೂರು-ಮೈಸೂರು ನಡುವಿನ ಸುಮಾರು 118 ಕಿ.ಮೀ. ಹೊಸ ರಸ್ತೆಯನ್ನು 2023ರ ಮಾರ್ಚ್ 12ರಂದು ಇದೇ ಜಿಲ್ಲೆಯಲ್ಲಿ ಪ್ರಧಾನಿ ಉದ್ಘಾಟಿಸಿದರು. ಅಪಘಾತಗಳ ಸರಮಾಲೆ ಕಂಡು ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವೀಸ್ ರಸ್ತೆಗೆ ಇಳಿಸಲಾಯಿತು. ಆಮೇಲೆ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್ 1ರಿಂದ 130 ಕಿ.ಮೀ. ಮೀರಿ ಓಡಿಸಿದವರ ಮೇಲೆ ಎಫ್.ಐ.ಆರ್. ಹಾಕುವುದಾಗಿ ರಾಜ್ಯ ಪೊಲೀಸರು ಪ್ರಕಟಿಸಿದರು. ಕ್ಯಾಮೆರಾಕ್ಕೆ ಪರಿಚಯದವರು ಯಾರೂ ಇಲ್ಲ, ನಮಸ್ಕಾರವೂ ತಾಗುವುದಿಲ್ಲ. ಅತಿ ವೇಗಕ್ಕೆ ಮೊದಲ ಸಲ ಕಾರಿಗೆ ಸಾವಿರದಿಂದ ಎರಡು ಸಾವಿರದ ದಂಡ. ಎರಡನೇ ಸಲಕ್ಕೆ ಕಾಯ್ದೆಯೇ ಲೈಸೆನ್ಸ್ ವಶಪಡಿಸಿಕೊಳ್ಳಿ ಅನ್ನುತ್ತದೆ.

ಬಸ್ಸಿನವರು ಇದನ್ನು ಓದಲಿ

ನಿತ್ಯ ಬಸ್ಸಿನಲ್ಲಿ ಓಡಾಡುವವರಿಗೆ ಗೊತ್ತಿಲ್ಲದ ಒಂದು ನಿಯಮವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮ. ಯಾವ ಯಾವ ನಡವಳಿಕೆಗೆ ಚಾಲಕನ ಲೈಸೆನ್ಸ್ ಕಿತ್ತುಕೊಳ್ಳಬಹುದು ಎಂಬ ಪಟ್ಟಿ ಅದರಲ್ಲಿದೆ. ಓದುತ್ತಾ ಹೋದರೆ ಬಸ್ ಸ್ಟ್ಯಾಂಡಿನ ದಿನಚರಿಯನ್ನೇ ಯಾರೋ ಬರೆದಿಟ್ಟ ಹಾಗಿದೆ. ನಿಗದಿತ ಸ್ಟಾಪಿನಲ್ಲಿ ಬಸ್ ನಿಲ್ಲಿಸದೆ ಹೋಗುವುದು. ಜನ ತುಂಬಲಿ ಎಂದು ಸುಮ್ಮನೆ ನಿಂತು ಪ್ರಯಾಣ ತಡ ಮಾಡುವುದು. ಪ್ರಯಾಣಿಕರೊಡನೆ ಅಸಭ್ಯವಾಗಿ ವರ್ತಿಸುವುದು. ಸಾರ್ವಜನಿಕ ವಾಹನ ಓಡಿಸುವಾಗ ಬೀಡಿ ಸಿಗರೇಟು ಸೇದುವುದು. ತನ್ನ ಹಿಡಿತಕ್ಕೆ ಅಡ್ಡಿಯಾಗುವಂತೆ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳುವುದು ಅಥವಾ ಸಾಮಾನು ಇಡುವುದು. ಕೈ ತೋರಿಸಿದರೂ ನಿಲ್ಲಿಸದಿರುವುದು. ಅಪಘಾತ ಮಾಡಿ ಗಾಯಾಳುವನ್ನು ನೋಡದೆ ಓಡುವುದು. ಗಾಡಿಯನ್ನು ದಾರಿಯ ಮಧ್ಯೆ ಬಿಟ್ಟು ಹೋಗುವುದು. ಆಟೋ ಪಕ್ಕದಲ್ಲಿ ಇಬ್ಬರನ್ನು ಅಂಚಿಗೆ ಕೂರಿಸಿ, ಮೊಣಕೈ ಮಡಚಿಕೊಂಡು ಹ್ಯಾಂಡಲ್ ತಿರುಗಿಸುವ ದೃಶ್ಯ ಗುತ್ತಲು ರಸ್ತೆಯಲ್ಲಿ ದಿನಾ ಕಾಣುವುದೇ. ಇದಕ್ಕೆಲ್ಲ ಕಾಯ್ದೆಯಲ್ಲಿ ಮದ್ದು ಇಲ್ಲ ಎಂದು ಗೊಣಗುವ ಪ್ರಯಾಣಿಕರು ಗಾಡಿ ನಂಬರ್, ದಿನ, ಹೊತ್ತು ಬರೆದು ಆರ್.ಟಿ.ಓ.ಗೆ ಒಂದು ಅರ್ಜಿ ಕೊಟ್ಟರೆ ಅಧಿಕಾರಿಗೆ ಕ್ರಮ ಜರುಗಿಸುವ ಅಧಿಕಾರ ಇದೆ. ಅಧಿಕಾರ ಇದೆ ಅಂದ ಮಾತ್ರಕ್ಕೆ ಜರುಗಿಸುತ್ತಾರೆಂದು ಅರ್ಥವಲ್ಲ. ಅರ್ಜಿಯೇ ಹೋಗದಿದ್ದರೆ ಜರುಗಿಸುವ ಪ್ರಶ್ನೆಯೇ ಇಲ್ಲವಲ್ಲ.

ರಸೀತಿಯ ಮೋಸ

ಈಗ ಅಸಲಿ ಸಂದಿಗೆ ಬರೋಣ. ಹೆಚ್ಚಿನ ಜನ ಎಡವುವುದು ಇಲ್ಲೇ. ಟ್ರಾಫಿಕ್ ಪೊಲೀಸರು ಲೈಸೆನ್ಸ್ ಕಾರ್ಡು ತೆಗೆದುಕೊಂಡು ಒಂದು ರಸೀತಿ ಕೊಡುತ್ತಾರೆ. ‘ರಸೀತಿ ಇದೆಯಲ್ಲ, ಓಡಿಸಬಹುದು’ ಎಂದು ಸವಾರ ಹೊರಡುತ್ತಾನೆ. ಬೇರೆ ಸಂದರ್ಭಗಳಲ್ಲಿ ಇದು ಸರಿಯೇ. ಕಾಯ್ದೆಯ 206ನೇ ಕಲಂ ಪ್ರಕಾರ ಅಂಥ ರಸೀತಿ ಲೈಸೆನ್ಸ್ ವಾಪಸ್ ಬರುವವರೆಗೆ ಓಡಿಸಲು ಅನುಮತಿ ಕೊಡುತ್ತದೆ. ಆದರೆ 2019ರಲ್ಲಿ ಅದೇ ಕಲಮಿಗೆ ನಾಲ್ಕನೇ ಉಪಕಲಂ ಸೇರಿತು. ಅತಿ ವೇಗ, ಅಪಾಯಕಾರಿ ಚಾಲನೆ, ಕುಡಿತ, ರೇಸು, ಹೆಲ್ಮೆಟ್ ಇಲ್ಲದಿರುವುದು, ಮೂವರ ಸವಾರಿ, ಆಂಬ್ಯುಲೆನ್ಸಿಗೆ ದಾರಿ ಬಿಡದಿರುವುದು ಇಂಥ ಕೇಸುಗಳಲ್ಲಿ ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಅಮಾನತಿಗಾಗಿ ಆರ್.ಟಿ.ಓ.ಗೆ ಕಳಿಸಬೇಕು. ಅದಕ್ಕೂ ರಸೀತಿ ಕೊಡುತ್ತಾರೆ, ಆದರೆ ಆ ರಸೀತಿ ಓಡಿಸಲು ಅನುಮತಿ ಅಲ್ಲವೇ ಅಲ್ಲ ಎಂದು ಕಾಯ್ದೆ ಬಿಡಿಸಿ ಹೇಳಿದೆ. ನೋಡಲು ಎರಡೂ ಕಾಗದವೇ. ಒಂದು ಹಿಡಿದುಕೊಂಡು ಗಾಡಿ ಓಡಿಸಬಹುದು, ಇನ್ನೊಂದು ಹಿಡಿದುಕೊಂಡು ಬಸ್ಸಿಗೆ ಕಾಯಬೇಕು. ಈ ವ್ಯತ್ಯಾಸವನ್ನು ಸವಾರನಿಗೆ ಅಲ್ಲೇ ನಿಂತು ಕನ್ನಡದಲ್ಲಿ ಹೇಳಿದರೆ ಅರ್ಧ ತೊಂದರೆ ತಪ್ಪುತ್ತದೆ.

ಇನ್ನೊಂದು ಮಾತು. ಪೊಲೀಸರು ಲೈಸೆನ್ಸ್ ವಶಪಡಿಸಿಕೊಳ್ಳಬಹುದು, ಕಳಿಸಬಹುದು. 19ನೇ ಕಲಮಿನ ಆದೇಶ ಹೊರಡಿಸಬೇಕಾದವರು ಮಾತ್ರ ಲೈಸೆನ್ಸಿಂಗ್ ಅಧಿಕಾರಿ. ಅವರೂ ಸುಮ್ಮನೆ ಮಾಡುವಂತಿಲ್ಲ. ಲೈಸೆನ್ಸುದಾರನಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು, ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು. ಪೊಲೀಸರು ಕಳಿಸಿದ ಕೇಸಿನಲ್ಲಿ ಅಧಿಕಾರಿಯ ಮುಂದೆ ಇರುವ ಆಯ್ಕೆ ಎರಡೇ - ಒಂದೋ ಕೈಬಿಡುವುದು, ಇಲ್ಲವೇ ಮೊದಲ ಸಲಕ್ಕೆ ಮೂರು ತಿಂಗಳು. ಎರಡನೇ ಸಲ ಸಿಕ್ಕರೆ ಲೈಸೆನ್ಸೇ ರದ್ದು. ‘ಒಂದು ವಾರಕ್ಕೆ ಇಳಿಸಿ ಸಾರ್’ ಎಂದು ಬೇಡಿಕೊಳ್ಳುವ ದಾರಿ ಇಲ್ಲ. ಹಾಗಿರುವಾಗ ನೋಟಿಸ್ ಬಂದ ದಿನ ಹೋಗಿ ನಿಂತು ‘ಸ್ವಾಮಿ, ಆಗ ಗಾಡಿ ಓಡಿಸುತ್ತಿದ್ದವನು ನಾನಲ್ಲ’ ಅಥವಾ ‘ಕ್ಯಾಮೆರಾದ ನಂಬರು ನನ್ನದಲ್ಲ’ ಎಂದು ಹೇಳಿಕೊಳ್ಳುವುದಕ್ಕೆ ಬೆಲೆ ಇದೆ. ಜನ ಮಾಡುವುದೇನು? ನೋಟಿಸ್ ಬಂದರೆ ಗೋಡೆ ಮೊಳೆಗೆ ಸಿಕ್ಕಿಸುತ್ತಾರೆ. ಇಲ್ಲವೇ ಹತ್ತು ವರ್ಷದ ಹಿಂದೆ ಬಾಡಿಗೆಗಿದ್ದ ಮನೆಯ ವಿಳಾಸಕ್ಕೆ ಅದು ಹೋಗಿ, ಈಗಿನ ಬಾಡಿಗೆದಾರ ‘ಅಂಥವರು ಯಾರೂ ಇಲ್ಲ’ ಎಂದು ವಾಪಸ್ ಕಳಿಸುತ್ತಾನೆ.

ಆದೇಶದ ವಿರುದ್ಧ ಮೇಲ್ಮನವಿ ಇದೆ. ಆದೇಶ ಕೈ ಸೇರಿದ 30 ದಿನದೊಳಗೆ ಹಾಕಬೇಕು. ಆದರೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ಅಮಾನತು ತಾನಾಗಿ ನಿಲ್ಲುವುದಿಲ್ಲ. ಅಲ್ಲಿಂದ ತಡೆ ಸಿಗುವವರೆಗೆ ಗಾಡಿ ಮನೆಯಲ್ಲೇ.

ಅಮಾನತಿನಲ್ಲಿ ಓಡಿಸಿದರೆ?

ಕಾಯ್ದೆಯ 3ನೇ ಕಲಂ ಹೇಳುವುದು ಬರಿಯ ಲೈಸೆನ್ಸ್ ಬಗ್ಗೆ ಅಲ್ಲ, ‘ಚಾಲ್ತಿಯಲ್ಲಿರುವ’ ಲೈಸೆನ್ಸ್ ಬಗ್ಗೆ. ಅನರ್ಹತೆಯ ಆದೇಶ ಬಿದ್ದ ಕೂಡಲೆ ಕಾರ್ಡಿನ ಮೇಲೆ 2035ರವರೆಗೆ ಅಂತ ಅಚ್ಚಾಗಿದ್ದರೂ ಅದು ಆ ಅವಧಿಗೆ ಸತ್ತ ಹಾಗೆ. ಆ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಗಾಡಿ ಓಡಿಸಿದರೆ 182ನೇ ಕಲಂ: ಮೂರು ತಿಂಗಳವರೆಗೆ ಸೆರೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಲೈಸೆನ್ಸ್ ಇಲ್ಲದೇ ಓಡಿಸುವವನಿಗೆ ಕೇಂದ್ರ ಕಾಯ್ದೆ ಇಟ್ಟಿರುವುದು 5,000. ಅಂದರೆ ಲೈಸೆನ್ಸ್ ಇಲ್ಲದವನಿಗಿಂತ ಕಿತ್ತುಕೊಂಡ ಮೇಲೂ ಓಡಿಸುವವನನ್ನು ಕಾಯ್ದೆ ಎರಡು ಪಟ್ಟು ಕೆಟ್ಟದಾಗಿ ನೋಡುತ್ತದೆ. ಇದರಲ್ಲಿ ನ್ಯಾಯವಿದೆ. ಮೊದಲನೆಯವನು ಪರೀಕ್ಷೆಗೆ ಹೋಗದ ಸೋಮಾರಿ ಇರಬಹುದು. ಎರಡನೆಯವನು ‘ನಿಲ್ಲು’ ಎಂದು ಹೇಳಿಸಿಕೊಂಡೂ ನಿಲ್ಲದವನು. ಗಾಡಿಯನ್ನೂ ಪೊಲೀಸರು 207ನೇ ಕಲಮಿನಡಿ ತಡೆಹಿಡಿದು ಠಾಣೆಯ ಆವರಣದಲ್ಲಿ ನಿಲ್ಲಿಸಬಹುದು. ಮಳೆ ಬಿಸಿಲಿಗೆ ಅದು ಅಲ್ಲಿ ನಿಂತು ಏನಾಗುತ್ತದೆ ಎಂಬುದನ್ನು ಯಾವುದೇ ಠಾಣೆಯ ಮುಂದೆ ನಿಂತು ನೋಡಿದರೆ ಸಾಕು.

ಸಾರ್ವಜನಿಕ ಸ್ಥಳ ಅಂದರೆ ಮೇನ್ ರೋಡು ಮಾತ್ರ ಅಂತ ಕೆಲವರ ಎಣಿಕೆ. ಅಲ್ಲ. ಜನರಿಗೆ ಹೋಗಿ ಬರಲು ಹಕ್ಕಿರುವ ಯಾವ ರಸ್ತೆ, ಗಲ್ಲಿ, ಜಾಗವೂ ಆಗಬಹುದು; ಬಸ್ ನಿಲ್ದಾಣವೂ ಸೇರಿ. ‘ಇಲ್ಲೇ ಹಾಲಿನ ಡೈರಿಯವರೆಗೆ ಹೋಗಿದ್ದೆ’ ಎನ್ನುವುದು ವಾದವಲ್ಲ.  ಟ್ರ್ಯಾಕ್ಟರಿಗೆ ಕಬ್ಬು ತುಂಬಿ ಕಾರ್ಖಾನೆ ಕಡೆ ತಿರುಗಿಸಿದರೂ 182 ಹಿಂದೆ ಬರುತ್ತದೆ.

ಜಾಣತನಗಳೂ ಇವೆ. ಮಂಡ್ಯದಲ್ಲಿ ಅಮಾನತಾದರೆ ನಾಗಮಂಗಲದ ಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕುವುದು ಒಂದು. ಓಡಿಸಿದ್ದಕ್ಕೆ ಇರುವ ಅದೇ 182ನೇ ಕಲಂ, ಅನರ್ಹತೆಯ ಅವಧಿಯಲ್ಲಿ ಹೊಸ ಲೈಸೆನ್ಸಿಗೆ ಅರ್ಜಿ ಹಾಕಿದ್ದಕ್ಕೂ ಅನ್ವಯ. ಹಾಗೆ ಪಡೆದ ಲೈಸೆನ್ಸಿಗೆ ಬೆಲೆಯೂ ಇಲ್ಲ. ಕಾರ್ಡು ಆರ್.ಟಿ.ಓ.ದಲ್ಲಿದ್ದರೇನು, ಮೊಬೈಲಿನಲ್ಲಿ ತೆಗೆದಿಟ್ಟ ಫೋಟೋ ತೋರಿಸೋಣ ಎನ್ನುವುದು ಇನ್ನೊಂದು. ಲೈಸೆನ್ಸ್ ಪುಸ್ತಕದ ರೂಪದಲ್ಲಿದ್ದ ಕಾಲದಲ್ಲಿ ಜೆರಾಕ್ಸ್ ತೋರಿಸಿ ದಾಟಿದವರಿದ್ದರು. ಈಗ 2020ರ ಅಕ್ಟೋಬರ್ 1ರಿಂದ ಅನರ್ಹಗೊಂಡ, ರದ್ದಾದ ಲೈಸೆನ್ಸುಗಳ ವಿವರ ಪೋರ್ಟಲ್ಲಿನಲ್ಲಿ ದಿನಾಂಕವಾರು ದಾಖಲಾಗಬೇಕು ಎಂದು ನಿಯಮ ಬಂದಿದೆ. ಪೊಲೀಸನ ಕೈಯಲ್ಲಿರುವ ಯಂತ್ರಕ್ಕೆ ನಂಬರ್ ಹೊಡೆದರೆ ಫೋಟೋದಲ್ಲಿ ಇಲ್ಲದ್ದು ಅಲ್ಲಿ ಕಾಣುತ್ತದೆ.

ಅವಧಿ ಮುಗಿದ ಲೈಸೆನ್ಸನ್ನೂ ಅಮಾನತಾದ ಲೈಸೆನ್ಸನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಅವಧಿ ಮುಗಿದದ್ದನ್ನು ಒಂದು ವರ್ಷದೊಳಗೆ ನವೀಕರಿಸಿಕೊಳ್ಳಬಹುದು. ದಾಟಿದರೆ ಮತ್ತೆ ಪರೀಕ್ಷೆ. ನವೀಕರಿಸುವವರೆಗೆ ಓಡಿಸುವಂತಿಲ್ಲ ಅನ್ನುವುದು ಎರಡಕ್ಕೂ ಒಂದೇ. ಹಿಂದೆ ಇದ್ದ 30 ದಿನದ ರಿಯಾಯಿತಿ 2019ರಲ್ಲಿ ಹೋಯಿತು. ಇನ್ನೂ ಅದನ್ನೇ ನಂಬಿಕೊಂಡವರು ಬಹಳ ಮಂದಿ.

ಗಾಡಿ ಕೊಟ್ಟ ಯಜಮಾನನ ಪಾಡು

ಅಂಗಡಿಯವರು ಕಿವಿಗೊಡಬೇಕಾದದ್ದು ಇಲ್ಲಿ. ಒಂದು ಉದಾಹರಣೆ ಇಟ್ಕೊಳ್ಳಿ. ವಿ.ವಿ. ರಸ್ತೆಯ ಒಬ್ಬ ಕಿರಾಣಿ ವ್ಯಾಪಾರಿ. ಒಂದು ಗೂಡ್ಸ್ ಟೆಂಪೋ, ಅದಕ್ಕೊಬ್ಬ ಹುಡುಗ. ಹುಡುಗ ಮೊಬೈಲ್ ಕಿವಿಗಿಟ್ಟು ಓಡಿಸಿ ಸಿಕ್ಕಿಬಿದ್ದ. ಮೂರು ತಿಂಗಳು ಅಮಾನತು. ಯಜಮಾನನಿಗೆ ವಿಷಯ ಗೊತ್ತು. ‘ದೂರ ಬೇಡ, ಊರೊಳಗೆ ಮಾತ್ರ ಡೆಲಿವರಿ ಮಾಡು’ ಎಂದು ಕೀಲಿ ಕೊಟ್ಟ. ಇಷ್ಟಕ್ಕೇ 180ನೇ ಕಲಂ ಯಜಮಾನನ ಮೇಲೆ ಬಿತ್ತು: ಮೂರು ತಿಂಗಳವರೆಗೆ ಸೆರೆ, ಅಥವಾ 5,000 ದಂಡ, ಅಥವಾ ಎರಡೂ. ಇದು ಅಪಘಾತ ಏನೂ ಆಗದಿದ್ದಾಗ.

ಆಗಿಬಿಟ್ಟರೆ? ಹುಡುಗ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬನಿಗೆ ಗುದ್ದಿ ಆತ ಸತ್ತ ಅಂತಿಟ್ಟುಕೊಳ್ಳಿ. ವಯಸ್ಸು 30, ಮರಗೆಲಸ, ತಿಂಗಳಿಗೆ 15,000 ಸಂಪಾದನೆ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಪರಿಹಾರದ ಲೆಕ್ಕ ಹಾಕುವ ರೀತಿಯನ್ನು ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಥಿ ಪ್ರಕರಣಗಳಲ್ಲಿ ನಿಗದಿ ಮಾಡಿದೆ. ನಲವತ್ತರೊಳಗಿನ ಸ್ವಂತ ದುಡಿಮೆಯವನಿಗೆ ಮುಂದಿನ ಏಳಿಗೆಗೆಂದು ಶೇ. 40 ಸೇರಿಸಿದರೆ 21,000. ನಾಲ್ವರು ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ 17. ಒಟ್ಟು 32,13,000 ರೂಪಾಯಿ. ಅಂತ್ಯಸಂಸ್ಕಾರ ಮುಂತಾದ ಬಾಬುಗಳು ಬೇರೆ. ಗಾಡಿಗೆ ಇನ್ಶೂರೆನ್ಸ್ ಇದೆಯಲ್ಲ, ಕಂಪನಿ ಕೊಡುತ್ತೆ ಬಿಡಿ ಎಂದು ಯಜಮಾನ ಹೇಳುತ್ತಾನೆ. ಕೊಡುತ್ತದೆ, ನಿಜ. ಆಮೇಲೆ?

ಅನರ್ಹತೆಯ ಅವಧಿಯಲ್ಲಿ ಓಡಿಸಿದ ಚಾಲಕ ಅನ್ನುವುದು ವಿಮಾ ಕಂಪನಿ ಎತ್ತಬಹುದಾದ ತಕರಾರುಗಳಲ್ಲಿ ಒಂದೆಂದು ಕಾಯ್ದೆಯಲ್ಲೇ ಹೆಸರಿಸಿ ಬರೆದಿದೆ. ಮೊದಲು 149ನೇ ಕಲಮಿನಲ್ಲಿತ್ತು, 2022ರ ಏಪ್ರಿಲ್ 1ರಿಂದ 150ರಲ್ಲಿದೆ. 2004ರ ಜನವರಿಯಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಂಪನಿ ಮತ್ತು ಸ್ವರಣ್ ಸಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಬಿಡಿಸಿ ಹೇಳಿತು. ಚಾಲಕ ಅನರ್ಹನಾಗಿದ್ದ ಅನ್ನುವುದೊಂದೇ ಸಾಲದು. ಗಾಡಿ ಮಾಲೀಕನೇ ತಕ್ಕ ಎಚ್ಚರ ವಹಿಸಲಿಲ್ಲ, ತಪ್ಪು ಅವನದೂ ಇದೆ ಎಂದು ಕಂಪನಿ ಸಾಬೀತು ಮಾಡಬೇಕು. ಸಾಬೀತು ಮಾಡಿದರೂ ಸತ್ತವನ ಮನೆಯವರನ್ನು ಬೀದಿಗೆ ತಳ್ಳುವಂತಿಲ್ಲ. ಮೊದಲು ಅವರಿಗೆ ಕೊಡಬೇಕು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬೇಕು. ವಸೂಲಿ ಅಂದರೆ ಪತ್ರ ಬರೆದು ಕೇಳುವುದಲ್ಲ. ನ್ಯಾಯಮಂಡಳಿ ಸರ್ಟಿಫಿಕೇಟ್ ಕೊಟ್ಟರೆ ಜಿಲ್ಲಾಧಿಕಾರಿ ಅದನ್ನು ಕಂದಾಯ ಬಾಕಿಯ ಹಾಗೆ ವಸೂಲು ಮಾಡುತ್ತಾರೆ. ಕಂದಾಯ ಬಾಕಿ ಎಂದರೆ ಏನೆಂದು ಈ ಜಿಲ್ಲೆಯ ಒಕ್ಕಲಿಗೆ ವಿವರಿಸಬೇಕಾಗಿಲ್ಲ.

ಈಗ ಯಜಮಾನನ ಸ್ಥಿತಿ ನೋಡಿ. ಗೊತ್ತಿಲ್ಲದೆ ಕೊಟ್ಟಿದ್ದರೆ, ಕೆಲಸಕ್ಕೆ ಸೇರಿಸಿಕೊಳ್ಳುವಾಗ ಲೈಸೆನ್ಸ್ ನೋಡಿದ್ದೆ, ಅಮಾನತಾದ ಸುದ್ದಿ ಹುಡುಗ ಹೇಳಲಿಲ್ಲ ಎಂದು ತೋರಿಸಿಕೊಂಡರೆ ಅವನಿಗೆ ಉಳಿಗಾಲವಿದೆ. ಗೊತ್ತಿದ್ದೇ ಕೀಲಿ ಕೊಟ್ಟ ಎಂದು ತೋರಿಬಂದರೆ ಅಂಗಡಿ ಹೋದಂತೆಯೇ. ಇನ್ನು ಯಜಮಾನನೇ ಅಮಾನತಿನಲ್ಲಿದ್ದು ತಾನೇ ಓಡಿಸಿದ್ದರೆ ‘ಗೊತ್ತಿರಲಿಲ್ಲ’ ಅನ್ನುವ ಮಾತೂ ಬಾಯಿಗೆ ಬರುವಂತಿಲ್ಲ. ಜಖಂ ಆದ ತನ್ನ ಗಾಡಿಯ ರಿಪೇರಿ ದುಡ್ಡನ್ನು ಕಂಪನಿಯಿಂದ ಕೇಳುವುದಂತೂ ದೂರದ ಮಾತು.

ಕ್ರಿಮಿನಲ್ ಕೇಸು ಪ್ರತ್ಯೇಕ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ 304ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 106 ಬಂದಿದೆ. ಅಜಾಗರೂಕತೆಯಿಂದ ಸಾವಿಗೆ ಹಿಂದೆ ಗರಿಷ್ಠ ಎರಡು ವರ್ಷ, ಈಗ ಐದು ವರ್ಷ.

ಸಣ್ಣ ಹುಡುಗರಿಗೆ ಸ್ಕೂಟರ್ ಕೊಡುವ ತಂದೆತಾಯಂದಿರ ವಿಷಯ ಇದರ ಪಕ್ಕದ್ದೇ. ಅಲ್ಲಿ 199ಎ ಕಲಂ: ಪೋಷಕನಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ, 25,000 ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಪಿ.ಯು. ಕಾಲೇಜಿನ ಗೇಟಿನ ಮುಂದೆ ಬೆಳಿಗ್ಗೆ ನಿಂತರೆ ಈ ಕಲಮಿಗೆ ಎಷ್ಟು ಗಿರಾಕಿಗಳಿದ್ದಾರೆ ಅನ್ನುವುದು ತಿಳಿಯುತ್ತದೆ.

ತೂಕದ ತಕ್ಕಡಿ

ಕಾಯ್ದೆ ಬಿಗಿಯಾದದ್ದು ತಪ್ಪಲ್ಲ. ಆದರೆ ಮೂರು ತಿಂಗಳು ಎಲ್ಲರಿಗೂ ಒಂದೇ ಮೂರು ತಿಂಗಳೇ? ಕಾರಿಟ್ಟುಕೊಂಡ ಗುತ್ತಿಗೆದಾರನಿಗೆ ಲೈಸೆನ್ಸ್ ಹೋದರೆ ಒಬ್ಬ ಡ್ರೈವರನ್ನು ಇಟ್ಟುಕೊಳ್ಳುತ್ತಾನೆ. ಬಾಡಿಗೆ ಆಟೋದವನಿಗೆ ಲೈಸೆನ್ಸ್ ಹೋದರೆ ಒಲೆ ಆರುತ್ತದೆ. ಅವನು ಕದ್ದು ಓಡಿಸುತ್ತಾನೆ. ಕೊಬ್ಬಿಗಲ್ಲ, ಸಂಜೆ ಅಕ್ಕಿಗೆ. ಇದು ಅವನ ತಪ್ಪನ್ನು ಸಣ್ಣದು ಮಾಡುವುದಿಲ್ಲ, ಅವನ ಗಾಡಿಯಡಿ ಸಿಕ್ಕವನಿಗೂ ಒಂದು ಮನೆ ಇರುತ್ತದೆ. ಆದರೆ ಇಲಾಖೆ ಮಾಡಬಹುದಾದ ಕೆಲಸ ಒಂದಿದೆ. ಪೊಲೀಸರು ಲೈಸೆನ್ಸ್ ಕಳಿಸಿದ ದಿನಕ್ಕೂ ಆದೇಶ ಹೊರಡುವ ದಿನಕ್ಕೂ ನಡುವೆ ಇಷ್ಟೇ ದಿನ ಎಂದು ಈ ಕಲಮುಗಳಲ್ಲಿ ಎಲ್ಲೂ ಗೆರೆ ಎಳೆದಿಲ್ಲ. ಆ ದಿನಗಳಲ್ಲಿ ರಸೀತಿಯ ಮೇಲೆ ಓಡಿಸುವಂತೆಯೂ ಇಲ್ಲ, ಅಮಾನತಿನ ಲೆಕ್ಕವೂ ಶುರುವಾಗಿಲ್ಲ. ವಿಚಾರಣೆ ಒಂದು ತಿಂಗಳು ತಡವಾದರೆ ಮೂರು ತಿಂಗಳ ಶಿಕ್ಷೆ ಆಟೋದವನಿಗೆ ನಾಲ್ಕು ತಿಂಗಳಾಗುತ್ತದೆ. ವಾರಕ್ಕೊಂದು ದಿನ ಗೊತ್ತು ಮಾಡಿ, ಬಂದ ಕೇಸುಗಳನ್ನೆಲ್ಲ ಅಂದೇ ಕೇಳಿ ಮುಗಿಸಿದರೆ ಇಲಾಖೆಗೆ ಖರ್ಚಾಗುವುದು ಒಂದು ಮೇಜು, ಎರಡು ಕುರ್ಚಿ.

ಮೂರು ತಿಂಗಳು ಹೇಗೆ ಓಡಾಡುವುದು ಎಂದು ಕೇಳುವವರಿಗೆ ಸೈಕಲ್ ಇದೆ, ಬಸ್ ಇದೆ. 250 ವ್ಯಾಟಿಗಿಂತ ಕಡಿಮೆ ಮೋಟಾರಿನ, ಗಂಟೆಗೆ 25 ಕಿ.ಮೀ. ಒಳಗೇ ಓಡುವ ಬ್ಯಾಟರಿ ಸ್ಕೂಟರುಗಳನ್ನು ನಿಯಮಗಳು ಮೋಟಾರು ವಾಹನವೆಂದೇ ಎಣಿಸುವುದಿಲ್ಲ, ಅವಕ್ಕೆ ಲೈಸೆನ್ಸ್ ಬೇಡ. ಮೆಕ್ಯಾನಿಕ್ಕಿನ ಹತ್ತಿರ ವೈರು ಬದಲಿಸಿ 45ಕ್ಕೆ ಏರಿಸಿಕೊಂಡರೆ ಮತ್ತೆ ಮೊದಲಿನ ಕಥೆಯೇ.

ಮೂರು ತಿಂಗಳು ಮುಗಿದ ಮಾರನೇ ದಿನ ಕಾರ್ಡು ತಾನಾಗಿ ಮನೆಗೆ ಬರುತ್ತದೆ ಎಂದು ಕಾಯುವವರು ಇನ್ನೊಂದು ವಿಷಯ ತಿಳಿದಿರಬೇಕು. 2019ರ ತಿದ್ದುಪಡಿಯ ನಂತರ ಚಾಲಕರ ಪುನಶ್ಚೇತನ ತರಬೇತಿಯನ್ನು ಮುಗಿಸಿದವರಿಗೆ ಮಾತ್ರ ಲೈಸೆನ್ಸ್ ವಾಪಸ್. ಅವಧಿ ಮುಗಿಯುವ ಮುಂಚೆಯೇ ಆರ್.ಟಿ.ಓ. ಕಚೇರಿಗೆ ಹೋಗಿ, ತರಬೇತಿ ಎಲ್ಲಿ, ಯಾವತ್ತು ಎಂದು ಕೇಳಿಕೊಂಡು, ಹಾಗೇ ದಾಖಲೆಯಲ್ಲಿರುವ ಹಳೇ ವಿಳಾಸವನ್ನೂ ಸರಿ ಮಾಡಿಸಿಕೊಂಡು ಬಂದರೆ ಒಂದು ಓಡಾಟ ಉಳಿಯುತ್ತದೆ. ಹೋಗುವುದು ಮಾತ್ರ ಬಸ್ಸಿನಲ್ಲಿ.